ಮುಚ್ಚುವ ಮೊದಲಿನ ಫೋಟೋ

ಫೆಬ್ರವರಿ 12

ಸುತ್ತಿಗೆ ಮೊಳೆಗೆ ಬೀಳದೆ ನನ್ನ ಎಡಗೈ ಹೆಬ್ಬೆರಳಿಗೆ ಬಿತ್ತು. ಉಗುರು ಆಗಲೇ ನೇರಳೆ ಬಣ್ಣಕ್ಕೆ ತಿರುಗಿದೆ. ಮಾವ ಲೋಟದ ನೀರಿಗೆ ಐಸು ಹಾಕಿ ಬೆರಳು ಅದ್ದಿಸಿ, "ಅಳಬೇಡ ಮರಿ, ಇದು ಕೆಲಸಕ್ಕೆ ಸೇರಿದ್ದಕ್ಕೆ ರಸೀದಿ" ಅಂದರು. ನಾನು ಅಳುತ್ತಿರಲಿಲ್ಲ. ಕಣ್ಣಲ್ಲಿ ನೀರು ತಾನಾಗಿ ಬಂದದ್ದು.

ಈ ಪುಸ್ತಕವನ್ನೂ ಮಾವನೇ ಕೊಟ್ಟರು. "ಶಾಲೆ ಬಿಟ್ಟರೆ ಬಿಟ್ಟೆ, ಬರೆಯೋದು ಬಿಡಬೇಡ. ದಿನಾ ಏನು ಕಲಿತೆ ಅಂತ ಬರಿ." ದಿನಾ ಬರೆಯುತ್ತೇನೆ ಅಂತ ಮಾತು ಕೊಡಲಿಲ್ಲ. ಕೊಟ್ಟರೆ ನಡೆಸಬೇಕಾಗುತ್ತದೆ.

ನಾನು ಶಾಲೆ ಬಿಟ್ಟ ಕಥೆಯನ್ನು ಅಮ್ಮ ಒಂದು ತರಹ ಹೇಳುತ್ತಾಳೆ. ನಡೆದದ್ದು ಹೀಗೆ. ವಿಜ್ಞಾನದ ಪ್ರಯೋಗದ ದಿನ ಮೇಷ್ಟ್ರು ಹಿಂದಿನ ವರ್ಷದ ನೋಟ್‌ಬುಕ್ಕಿನ ಅಂಕಿಗಳನ್ನೇ ಎಲ್ಲರಿಗೂ ಬರೆದುಕೊಳ್ಳಲು ಹೇಳಿದರು. ನಾನು ನನಗೆ ಬಂದ ಅಂಕಿ ಬರೆದೆ. ಕೆಂಪು ಗೀಟು ಬಿತ್ತು. "ತಪ್ಪಾದರೂ ಇದು ನಾನೇ ಅಳೆದದ್ದು ಸಾರ್" ಅಂದೆ. ಹೊರಗೆ ನಿಲ್ಲು ಅಂದರು. ಹೊರಗೆ ಸ್ವಲ್ಪ ಹೊತ್ತು ನಿಂತೆ, ಆಮೇಲೆ ಇನ್ನೂ ಹೊರಗೆ ಬಂದೆ, ಆಮೇಲೆ ಮನೆಗೆ.

ಅದಾದ ಮೇಲೆ ಝೆರಾಕ್ಸ್ ಅಂಗಡಿ, ಹೊಲಿಗೆ ಅಂಗಡಿ, ಔಷಧಿ ಅಂಗಡಿ. ಎಲ್ಲೂ ಆರು ತಿಂಗಳು ದಾಟಲಿಲ್ಲ. ಹೊಲಿಗೆ ಅಂಗಡಿಯಲ್ಲಿ ಒಬ್ಬಾಕೆಗೆ ಈ ಬಟ್ಟೆ ಬಣ್ಣ ಬಿಡುತ್ತದೆ ಅಂದೆ. ಆಕೆ ಹೋದಳು, ಹಿಂದೆಯೇ ನಾನೂ. ಅಕ್ಕನ ಗಂಡ, ಭಾವ, ನನಗೆ ಅರೆಬರೆ ಅಂತ ಹೆಸರಿಟ್ಟಿದ್ದಾರೆ. "ಅರೆಬರೆ ಬಂದ್ಲು, ತಟ್ಟೆ ಇಡೇ" ಅನ್ನುತ್ತಾರೆ. ಊಟ ಮಾತ್ರ ಪೂರ್ತಿ ಮಾಡುತ್ತೇನಂತೆ.

ಮಾವ, ಅಂದರೆ ಅಮ್ಮನ ತಮ್ಮ, ಮನೆ ಕಟ್ಟಿಸಿಕೊಡುವ ಕಂಟ್ರಾಕ್ಟರ್ ಆಗಿರದಿದ್ದರೆ ನನ್ನನ್ನು ಇನ್ನು ಯಾರೂ ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ.

ಫೆಬ್ರವರಿ 15

ಉಗುರು ಕಪ್ಪಾಗಿದೆ. ಇದ್ದಿಲಿನ ತುಂಡು ಅಂಟಿಸಿಕೊಂಡ ಹಾಗೆ.

ಮಾವನ ಆಫೀಸಿನ ಮುಂದಿನ ರೂಮಿಗೆ ಆಯ್ಕೆ ಕೋಣೆ ಅನ್ನುತ್ತಾರೆ. ಗೋಡೆ ತುಂಬ ಟೈಲ್ಸ್ ಹಲಗೆಗಳು, ಒಂದು ಮರದ ಪಟ್ಟಿಗೆ ಸಾಲಾಗಿ ಕೂರಿಸಿದ ನೀರು ಬಾರದ ನಲ್ಲಿಗಳು, ಇನ್ನೊಂದಕ್ಕೆ ಬಾಗಿಲ ಹಿಡಿಕೆಗಳು. ಮೊದಲ ಸಲ ಮನೆ ಕಟ್ಟಿಸುವವರು ಇಲ್ಲಿಗೆ ಬಂದು ಕೂರುತ್ತಾರೆ. ಪ್ಲಾನಿನಲ್ಲಿ ಇರುವುದು ಇಷ್ಟು, ಅದಕ್ಕಿಂತ ಚೆನ್ನಾಗಿರುವುದು ಬೇಕೆಂದರೆ ಬೇರೆ ಖರ್ಚು.

ಇವತ್ತು ಬಂದ ಗಂಡ ಹೆಂಡತಿ ಒಂದು ನಲ್ಲಿಯ ಮುಂದೆ ಮುಕ್ಕಾಲು ಗಂಟೆ ಜಗಳವಾಡಿದರು. ಆಕೆಗೆ ಹಂಸದ ಕತ್ತಿನಂಥದು ಬೇಕು. ಆತ, "ನಾವು ಕೈ ತೊಳೆಯೋದಾ, ಅದನ್ನ ನೋಡ್ತಾ ನಿಲ್ಲೋದಾ?" ಅಂದ. ನಾನು ತಡೆಯಲಾರದೆ, "ನಲ್ಲಿ ಯಾವಾಗ ಬೇಕಾದ್ರೂ ಬದಲಾಯಿಸಬಹುದು. ಅದಕ್ಕೆ ನೀರು ತರೋ ಪೈಪು ಬದಲಾಯಿಸಬೇಕಾದ್ರೆ ಗೋಡೆ ಒಡೀಬೇಕು. ಪೈಪು ಯಾವುದು ಹಾಕ್ತಾರೆ ಅಂತ ಕೇಳಿದ್ರಾ?" ಅಂದೆ.

ಇಬ್ಬರೂ ನಲ್ಲಿ ಬಿಟ್ಟು ನನ್ನನ್ನು ನೋಡಿದರು. ಈ ಕೆಲಸವೂ ಹೋಯಿತು ಅಂದುಕೊಂಡೆ. ಆದರೆ ಮಾವ ಒಳಗಿನಿಂದ ನಗುತ್ತಾ ಬಂದು, "ಅವಳು ಹೇಳಿದ್ದು ಸರಿ" ಅಂದರು. ನಾನು ಹೇಳಿದ್ದು ಸರಿ ಅಂತ ಅಂಗಡಿ ಮಾಲೀಕರು ಒಬ್ಬರು ಗಿರಾಕಿಯ ಮುಂದೆ ಹೇಳಿದ್ದು ಇದೇ ಮೊದಲು.

ಫೆಬ್ರವರಿ 22

ಗಣಿತದ ಟೀಚರ್ ಮನೆ. ರಿಟೈರ್ ಆಗಿದ್ದಾರೆ, ಒಬ್ಬರೇ ಇರುತ್ತಾರೆ. ಅವರ ಬಚ್ಚಲಿಗೆ ಟೈಲ್ಸ್ ಹಾಕುವ ಮುಂಚೆ ನೀರು ಇಳಿಯದ ಲೇಪ ಹಚ್ಚುವ ಕೆಲಸವಿತ್ತು. ಪ್ಲಾನಿನ ಪ್ರಕಾರ ನೆಲಕ್ಕೆ ಮತ್ತು ಮೊಣಕಾಲ ಎತ್ತರದವರೆಗೆ. ಟೀಚರ್ ಹೆಚ್ಚಿಗೆ ಖರ್ಚು ಹಾಕಿ ಐದು ಅಡಿ ಎತ್ತರಕ್ಕೆ ಎರಡು ಸಲ ಹಚ್ಚಿಸಿದ್ದಾರೆ, ಯಾಕೆಂದರೆ ಆಚೆ ಕಡೆ ಅವರು ಮಲಗುವ ಕೋಣೆ. ಮೊದಲ ಸಲ ಅಡ್ಡಡ್ಡ ಹಚ್ಚಬೇಕು, ಒಣಗಿದ ಮೇಲೆ ಎರಡನೆಯದು ಉದ್ದುದ್ದ. ಮೂಲೆಗಳಿಗೆ ಬಲೆಪಟ್ಟಿ. ಅರ್ಧ ಗೋಡೆ ನಾನೇ ಹಚ್ಚಿದೆ. ಒಂದು ಕಡೆ ಲೇಪ ಇಳಿದು ಬೇವಿನೆಲೆ ಆಕಾರ ಆಯಿತು. ಒರೆಸಲು ಹೋದೆ, ಬಿಡಲಿಲ್ಲ.

ಟೀಚರ್ ಕೇಳಿದರು, "ನಾಳೆ ಟೈಲ್ಸ್ ಹಾಕಿಬಿಡ್ತೀರಿ. ಆಮೇಲೆ ಇದೆಲ್ಲ ಇತ್ತು ಅಂತ ನನಗೆ ಹೇಗೆ ಗೊತ್ತಾಗಬೇಕು?"

ಅದೂ ಸರಿಯೇ. ಗೋಡೆಗೆ ಟೇಪು ಹಿಡಿದು, ಐದು ಅಡಿ ಕಾಣುವ ಹಾಗೆ ಹೆಬ್ಬೆರಳಲ್ಲಿ ಒತ್ತಿ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಫೋಟೋ ತೆಗೆದೆ. ಐದು ಅಡಿ ಇರುವಲ್ಲಿ ಪೆನ್ಸಿಲ್ ಗೀಟು ಹಾಕಿ ತಾರೀಕೂ ಬರೆದೆ. ಫೋಟೋದಲ್ಲಿ ಬೂದು ಬಣ್ಣದ ಗೋಡೆ, ಹಳದಿ ಟೇಪು, ನನ್ನ ಕಪ್ಪು ಉಗುರು.

"ಉಗುರಿಗೂ ಅದೇ ಲೇಪ ಹಚ್ಚಿಕೊಂಡಿದ್ದೀಯಾ?" ಅಂದರು ಟೀಚರ್. ನಗಲಿಲ್ಲ. ಅವರು ತಮಾಷೆ ಮಾಡುವುದು ಆಮೇಲೆ ಗೊತ್ತಾಗುತ್ತದೆ.

ಮಾರ್ಚ್ 9

ಮಾವ ಫೋಟೋ ನೋಡಿ ತಮ್ಮ ಫೋನಿಗೂ ಕಳಿಸಿಕೊಂಡರು. ಆಮೇಲೆ, "ಇನ್ಮೇಲೆ ಪ್ರತಿ ಮನೆಗೂ ಹೀಗೇ ತೆಗೆಯೋಣ. ನೀನು ಜನಕ್ಕೆ ಹೇಳೋದನ್ನೆಲ್ಲ ಒಂದು ಕೈಪಿಡಿ ಮಾಡಿಕೊಡು, ಅಚ್ಚು ಹಾಕಿಸ್ತೀನಿ" ಅಂದರು. ಮೂರು ದಿನ ಕೂತು ಬರೆದೆ. ಇಷ್ಟು ಹೊತ್ತು ಒಂದೇ ಕಡೆ ನಾನು ಯಾವತ್ತೂ ಕೂತಿಲ್ಲ. ಅಮ್ಮ ಬಂದು ಹಣೆ ಮುಟ್ಟಿ ಜ್ವರ ಇದೆಯಾ ಅಂತ ನೋಡಿದಳು.

ಕೈಪಿಡಿಯಿಂದ ಸ್ವಲ್ಪ, ನನಗೇ ಇಷ್ಟವಾದದ್ದು:

ಮಂಚ ಎಲ್ಲಿ, ಕಪಾಟು ಎಲ್ಲಿ ಅಂತ ಖಾಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿ, ಅದರೊಳಗೆ ಒಂದು ಸಲ ಓಡಾಡಿ. ಆಮೇಲೆ ಸ್ವಿಚ್ಚುಗಳ ಜಾಗ ಹೇಳಿ. ಹೇಳದಿದ್ದರೆ ಎಲೆಕ್ಟ್ರಿಷಿಯನ್ ತನ್ನ ಮನೆಯಲ್ಲಿ ಇರುವ ಹಾಗೆ ನಿಮ್ಮ ಮನೆಯಲ್ಲೂ ಇಡುತ್ತಾನೆ.

ಬಣ್ಣ, ದೀಪ, ಕಪಾಟು, ನಲ್ಲಿ, ಇವು ನೀವು ಒಳಗೆ ವಾಸಿಸುತ್ತಿರುವಾಗಲೂ ಆಗುತ್ತವೆ. ಪೈಪು, ವೈರು, ಲೇಪ, ಕಿಟಕಿಯ ಅಳತೆ, ಇವು ಆಗುವುದಿಲ್ಲ. ಕೈ ಬಿಗಿ ಇದ್ದರೆ ಕಾಣುವುದನ್ನು ಆಮೇಲೆ ಮಾಡಿಸಿ, ಕಾಣದ್ದನ್ನು ಈಗಲೇ ಮಾಡಿಸಿ.

ಮುಚ್ಚುವ ಮೊದಲು ನಿಮಗೆ ಫೋಟೋ ಕೊಡುತ್ತೇವೆ.

ಕೊನೆಯ ಸಾಲು ಮಾವ ಸೇರಿಸಿದ್ದು. ಅದೇ ಚೆನ್ನಾಗಿದೆ.

ಏಪ್ರಿಲ್ 6

ಸ್ನಾನ ಮಾಡುವಾಗ ಕಪ್ಪು ಉಗುರು ಕಳಚಿಕೊಂಡು ಬಿತ್ತು. ಕೆಳಗೆ ಹೊಸದು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ.

ಅಕ್ಕ ಮತ್ತು ಭಾವ ಮನೆ ಕಟ್ಟಿಸುತ್ತಾರಂತೆ, ಮಾವನ ಕೈಯಲ್ಲೇ. ಅಕ್ಕ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಭಾವ ಪಾರ್ಸೆಲ್ ವ್ಯಾನು ಓಡಿಸುತ್ತಾರೆ. ಮದುವೆಯಾಗಿ ಆರು ವರ್ಷ, ನಾಲ್ಕು ಬಾಡಿಗೆ ಮನೆ. "ಐದನೇ ಸಲ ಸಾಮಾನು ಹೊತ್ತರೆ ನನ್ನನ್ನೂ ಪಾರ್ಸೆಲ್ ಮಾಡಿಬಿಡಿ" ಅಂತಾರೆ ಭಾವ.

ಏಪ್ರಿಲ್ 13

ಅಕ್ಕ ಆಯ್ಕೆ ಕೋಣೆಗೆ ಬಂದಳು. ಟೈಲ್ಸ್, ನಲ್ಲಿ ಯಾವುದನ್ನೂ ನೋಡಲಿಲ್ಲ. ಚೀಲದಿಂದ ಒಂದು ಹಳೇ ಚೀಟಿ ತೆಗೆದಳು. ಅದರಲ್ಲಿ ಪೆನ್ನಿನಲ್ಲಿ ಬರೆದ ಕಿಟಕಿ. ಗೋಡೆಯಿಂದ ಹೊರಕ್ಕೆ ಚಾಚಿದ್ದು, ಒಳಗೆ ಕೂರಲು ಕಟ್ಟೆ, ಕಾಲು ಚಾಚುವಷ್ಟು ಅಗಲ. ಅವಳು ಒಂಬತ್ತನೇ ಕ್ಲಾಸಿನಲ್ಲಿ ಬರೆದದ್ದು, ನಾನು ಪಕ್ಕದಲ್ಲಿ ಕೂತು ನೋಡಿದ್ದೆ. ನಾವಾಗ ಇದ್ದ ಮನೆಗೆ ಒಂದೇ ಕಿಟಕಿ, ಅದೂ ಪಕ್ಕದವರ ಗೋಡೆಗೆ ಮುಖ ಮಾಡಿತ್ತು.

"ಇದೊಂದು ಸಾಕು ಕಣೇ. ಬೇರೆ ಏನೂ ಬೇಡ."

ಅವಳ ಪ್ಲಾನ್ ನೋಡಿದೆ. ಬಚ್ಚಲ ಗೋಡೆಯ ಆಚೆಗೇ ಮಲಗುವ ಕೋಣೆ, ತಲೆ ಇಡುವ ಕಡೆಗೇ. ಪೂರ್ತಿ ಲೇಪವೂ ಕೂರುವ ಕಿಟಕಿಯೂ ಎರಡೂ ಅವರಿಂದ ಆಗುವುದಿಲ್ಲ. ಯಾವುದಾದರೂ ಒಂದು.

ನಾನು ಸುಳ್ಳು ಹೇಳಬಹುದಿತ್ತು. ಕಿಟಕಿ ಆಮೇಲೆ ಹಾಕಿಸಬಹುದು ಅನ್ನಬಹುದಿತ್ತು. "ಅಕ್ಕ, ಕಿಟಕಿಯೂ ಆಮೇಲೆ ಆಗಲ್ಲ, ಲೇಪವೂ ಆಮೇಲೆ ಆಗಲ್ಲ. ಕಿಟಕಿ ಇಲ್ಲದಿದ್ರೆ ಬೇಜಾರು ಆಗುತ್ತೆ. ಲೇಪ ಇಲ್ಲದಿದ್ರೆ ಗೋಡೆ ಬೂಷ್ಟು ಹಿಡಿಯುತ್ತೆ, ನಿಂಗೆ ಉಬ್ಬಸ ಬೇರೆ ಇದೆ" ಅಂದೆ.

ಅವಳು ಚೀಟಿಯನ್ನು ಮಡಚಿದಳು. ಮೊದಲಿದ್ದ ಮಡಿಕೆಯ ಮೇಲೇ ಮಡಚಿದಳು. "ನೀನು ಹೇಳಿದ್ರೆ ಆಯ್ತು. ನೀನೊಬ್ಬಳು ನನ್ನ ಮುಖ ನೋಡಿ ಮಾತಾಡಲ್ಲ."

ಮಾವ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅಕ್ಕ ಹೋದ ಮೇಲೆ ನನ್ನ ತಲೆ ಮೇಲೆ ಕೈಯಿಟ್ಟು, "ನೀನು ನನ್ನ ಬಲಗೈ" ಅಂದರು.

ಜೂನ್ 18

ಎರಡು ತಿಂಗಳು ಬರೆದಿಲ್ಲ. ಕೆಲಸ ಜಾಸ್ತಿ. ಕೈಪಿಡಿ ಓದಿಕೊಂಡು ಜನ ಬರುತ್ತಾರೆ, ಬಂದು ನನ್ನನ್ನೇ ಕೇಳುತ್ತಾರೆ. ಬೇಕರಿಯವರು, ಕನ್ನಡಕದ ಅಂಗಡಿಯವರು, ಬ್ಯಾಂಕಿನ ಕ್ಯಾಷಿಯರ್, ಎಲ್ಲರೂ ಹಂಸದ ನಲ್ಲಿ ಬಿಟ್ಟು ಗೋಡೆಯೊಳಗಿನ ಲೇಪ ಆರಿಸಿಕೊಂಡರು. ನನಗೆ ಹೆಮ್ಮೆ ಅನ್ನಿಸುತ್ತದೆ, ಇಲ್ಲ ಅಂದರೆ ಸುಳ್ಳಾದೀತು.

ಫೋಟೋ ಕೆಲಸ ಈಗ ಮಾವನೇ ನೋಡಿಕೊಳ್ಳುತ್ತಾರೆ. "ನೀನು ಬಿಸಿಲಲ್ಲಿ ಸೈಟ್ ಸೈಟ್ ತಿರುಗೋದು ಬೇಡ, ಆಯ್ಕೆ ಕೋಣೆ ನೋಡಿಕೋ" ಅಂದರು. ಒಂದೇ ಕಡೆ ಕೂತು ಕಾಲು ಜೋಮು ಹಿಡಿಯುತ್ತದೆ. ಆದರೂ ಬಿಟ್ಟಿಲ್ಲ.

ಉಗುರು ಅರ್ಧ ಬಂದಿದೆ.

ಸೆಪ್ಟೆಂಬರ್ 5

ಅಕ್ಕನ ಮನೆಗೆ ಟೈಲ್ಸ್ ಮುಗಿಯಿತು. ಇನ್ನು ಬಣ್ಣ ಅಷ್ಟೇ. ಸಂಜೆ ಹೋಗಿದ್ದೆ. ಕೂರುವ ಕೋಣೆಯಲ್ಲಿ ಸಾಧಾರಣ ಕಿಟಕಿ, ಅದರ ಕೆಳಗೆ ಅಕ್ಕ ಸಿಮೆಂಟ್ ಚೀಲ ಹಾಸಿಕೊಂಡು ಕೂತಿದ್ದಳು.

"ಬಾರೇ. ನಿನ್ನ ಹೆಬ್ಬೆರಳು ನೋಡು ಬಾ" ಅಂತ ಫೋನ್ ತೋರಿಸಿದಳು. ಮಾವ ಕಳಿಸಿದ ಫೋಟೋ. ಅವಳ ಬಚ್ಚಲ ಗೋಡೆ, ಐದು ಅಡಿಗೆ ಟೇಪು. "ನಿನ್ನ ತಂಗಿನೇ ನಿಂತು ತೆಗೆದದ್ದು ಅಂದ್ರು ಮಾವ. ಇದನ್ನ ದಿನಾ ಒಂದ್ಸಲ ನೋಡ್ತೀನಿ. ಕಿಟಕಿ ಹೋದ ಸಂಕಟ ಕಡಿಮೆ ಆಗುತ್ತೆ."

ಫೋಟೋದಲ್ಲಿ ಉಗುರು ಕಪ್ಪಗಿತ್ತು.

ನಾನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಯಾಕೆ ಇಟ್ಟುಕೊಂಡೆ ಗೊತ್ತಿಲ್ಲ. ಏನೂ ಹೇಳದೆ ಬಂದೆ. ಹೇಳದೆ ಬಂದದ್ದೂ ಒಂದು ಸುಳ್ಳೇ.

ಸೆಪ್ಟೆಂಬರ್ 6

ಬೆಳಿಗ್ಗೆ ಎದ್ದವಳೇ ಈ ಪುಸ್ತಕ ತಿರುವಿದೆ. ಫೆಬ್ರವರಿ 12ಕ್ಕೆ ಪೆಟ್ಟು. 22ಕ್ಕೆ ಟೀಚರ್ ಮನೆ. ಏಪ್ರಿಲ್ 6ಕ್ಕೆ ಉಗುರು ಬಿತ್ತು. ಅಕ್ಕನ ಗೋಡೆ ಎದ್ದದ್ದೇ ಜುಲೈನಲ್ಲಿ. ಫೋಟೋವನ್ನು ಅಕ್ಕನಿಂದ ತರಿಸಿಕೊಂಡು ದೊಡ್ಡದು ಮಾಡಿ ನೋಡಿದೆ. ಅಂಚುಗಳನ್ನು ಕತ್ತರಿಸಿದ್ದಾರೆ, ಪೆನ್ಸಿಲ್ ಗೀಟು ಇಲ್ಲ. ಬೇವಿನೆಲೆ ಇದೆ.

ಟೈಲ್ಸ್ ಮೇಸ್ತ್ರಿಯನ್ನು ಹುಡುಕಿಕೊಂಡು ಹೋದೆ. ಅವರು ಮಾತು ಖರ್ಚು ಮಾಡುವವರಲ್ಲ. ಟೈಲ್ಸ್ ಮೇಲೆ ಬೆರಳ ಗೆಣ್ಣಿನಿಂದ ಬಡಿದು ಒಳಗೆ ಟೊಳ್ಳೋ ಗಟ್ಟಿಯೋ ಹೇಳುವುದನ್ನು ನನಗೆ ಕಲಿಸಿದವರು ಅವರೇ.

"ಅಕ್ಕನ ಬಚ್ಚಲಿಗೆ ಅಂಟಿಸುವಾಗ ಗೋಡೆ ಯಾವ ಬಣ್ಣ ಇತ್ತು ಮೇಸ್ತ್ರಿ?"

"ಗೋಡೆ ಬಣ್ಣ."

"ಲೇಪದ ಬೂದು ಬಣ್ಣವಾ, ಬರೀ ಸಿಮೆಂಟಾ?"

ಅವರು ಬೀಡಿ ಆರಿಸಿದರು. "ನೋಡು ಮಗಳೇ, ನಾನು ಅಂಟಿಸೋನು. ಹಿಂದೆ ಏನಿದೆ ಅಂತ ಕೇಳೋಕೆ ಹೋದ್ರೆ ಸಂಜೆ ಒಲೆ ಹೊತ್ತಲ್ಲ." ಬೀಡಿಯನ್ನು ಕಿವಿ ಮೇಲೆ ಸಿಕ್ಕಿಸಿ, "ಉಳಿ ಆ ಚೀಲದಲ್ಲಿದೆ" ಅಂದರು.

ಅಕ್ಕನ ಬಚ್ಚಲ ಬಾಗಿಲ ಹಿಂದೆ, ಎದೆ ಎತ್ತರದ ಒಂದು ಟೈಲ್ಸ್ ಎಬ್ಬಿಸಿದೆ. ಹಿಂದೆ ಬರೀ ಗಾರೆ. ಬೆರಳಲ್ಲಿ ಕೆರೆದರೆ ಪುಡಿ ಉದುರಿತು. ಲೋಟದಿಂದ ನೀರು ಹೊಯ್ದೆ. ಗೋಡೆ ಒಂದೇ ಗುಕ್ಕಿಗೆ ಕುಡಿಯಿತು.

ಸೆಪ್ಟೆಂಬರ್ 7

ಮಾವ ಆಯ್ಕೆ ಕೋಣೆಯಲ್ಲಿ ಹಿಡಿಕೆಗಳನ್ನು ಒರೆಸುತ್ತಿದ್ದರು.

"ಮಾವ, ಅಕ್ಕನ ಗೋಡೆಗೆ ಲೇಪ ಇಲ್ಲ."

"ಯಾರು ಹೇಳಿದ್ರು?"

"ಗೋಡೆ."

ಅವರು ಬಟ್ಟೆ ಮಡಚಿಟ್ಟರು. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಆಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿರುತ್ತಿತ್ತು.

"ಕೂತ್ಕೋ ಮರಿ. ನೆಲಕ್ಕೆ ಹಚ್ಚಿದೀನಿ, ಮೊಣಕಾಲ ಮಟ್ಟಕ್ಕೂ ಹಚ್ಚಿದೀನಿ. ಇಪ್ಪತ್ತು ವರ್ಷದಿಂದ ಅಷ್ಟೇ ಹಚ್ಚಿ ಕಟ್ಟಿದೀನಿ. ಯಾರ ಮನೆ ಮುಳುಗಿದೆ?"

"ಹಾಗಾದ್ರೆ ಐದು ಅಡಿ ಅಂತ ಯಾಕೆ ಮಾರಿದ್ರಿ?"

"ನಾನೆಲ್ಲಿ ಮಾರಿದೆ? ನೀನು ಮಾರಿದೆ." ಮೆತ್ತಗೇ ಹೇಳಿದರು. "ಮುಂಚೆ ಜನ ನಲ್ಲಿ ಕೇಳ್ತಿದ್ರು, ದೀಪ ಕೇಳ್ತಿದ್ರು. ಹಾಕದಿದ್ರೆ ಕಾಣ್ತಿತ್ತು. ನೀನು ಬಂದು ಕಾಣದೇ ಇರೋದನ್ನ ಕೇಳೋದು ಕಲಿಸಿದೆ. ಅವರಿಗೆ ಬೇಕಾಗಿದ್ದು ನೆಮ್ಮದಿ. ಫೋಟೋ ನೋಡ್ಕೊಂಡು ನೆಮ್ಮದಿಯಾಗಿದಾರೆ. ಯಾರಿಗೆ ಏನು ನಷ್ಟ ಆಯ್ತು ಹೇಳು."

"ಎಷ್ಟು ಮನೆಗೆ ಕಳಿಸಿದ್ರಿ ಅದನ್ನ?"

ಅವರು ಬಟ್ಟೆ ಮತ್ತೆ ಎತ್ತಿಕೊಂಡು ಇನ್ನೊಂದು ಹಿಡಿಕೆ ಒರೆಸಿದರು. ನನ್ನ ಹತ್ತಿರವೇ ಆಯ್ಕೆಯ ಪಟ್ಟಿ ಇದೆ. ಅಕ್ಕನದು ಸೇರಿ ಒಂಬತ್ತು.

"ನಿಮ್ಮಕ್ಕನ ಗೋಡೆ ನಾಳೆನೇ ಬಿಚ್ಚಿಸಿ ಸರಿ ಮಾಡ್ತೀನಿ. ಅವಳ ಕಿಟಕಿನೂ ಕೂರಿಸ್ತೀನಿ, ನನ್ನ ಖರ್ಚಲ್ಲೇ. ಮಿಕ್ಕಿದ್ದಕ್ಕೆ ನೀನು ಬಾಯಿ ಹಾಕಬೇಡ."

ಕಿಟಕಿ ಆಗುತ್ತಂತೆ. ಆಗುವುದಿಲ್ಲ ಅಂತ ನಾನೇ ಅವಳ ಚೀಟಿ ಮಡಚಿಸಿದ್ದೆ.

"ನನ್ನ ಹೆಬ್ಬೆರಳನ್ನ ಕೇಳದೆ ತಗೊಂಡ್ರಿ ಮಾವ" ಅಂದೆ. ಬೇರೆ ಎಷ್ಟೋ ಹೇಳಬೇಕಿತ್ತು. ಬಾಯಿಗೆ ಬಂದದ್ದು ಅದೊಂದೇ. ಆಯ್ಕೆ ಕೋಣೆಯ ಬೀಗದಕೈ ಮೇಜಿನ ಮೇಲಿಟ್ಟು ಬಂದೆ.

ಸೆಪ್ಟೆಂಬರ್ 8

ಏನೂ ಬರೆಯುವುದಿಲ್ಲ.

ಸೆಪ್ಟೆಂಬರ್ 11

ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಮಾವನ ಮೇಲೆ ಉರಿದುಬೀಳುತ್ತಾಳೆ, ಆಮೇಲೆ ನಾವಿಬ್ಬರೂ ಸೇರಿ ಎಂಟು ಮನೆಗೂ ಹೋಗುತ್ತೇವೆ ಅಂತ ಅಂದುಕೊಂಡಿದ್ದೆ. ಅವಳಿಗೆ ಆಗಲೇ ಗೊತ್ತಿತ್ತು. ಮಾವ ಎಂಟನೇ ತಾರೀಕೇ ಹೋಗಿ ಮಾತಾಡಿದ್ದಾರೆ.

"ಸರಿ ಮಾಡಿಕೊಡ್ತೀನಿ ಅಂದಿದಾರಲ್ಲೇ. ಕಿಟಕಿನೂ ಆಗುತ್ತೆ."

"ಮಿಕ್ಕವರದು?"

"ಮಿಕ್ಕವರೇನು ನಮ್ಮ ನೆಂಟರಾ?"

"ನನ್ನನ್ನ ನಂಬಿದವರು."

"ನಾನೂ ನಂಬಿದ್ದೆ." ಆಮೇಲೆ ದನಿ ತಗ್ಗಿಸಿದಳು. "ನೀನು ಈಗ ಊರೆಲ್ಲ ಸಾರಿಕೊಂಡು ಬಂದ್ರೆ ಅವರು ನನ್ನ ಕೆಲಸ ಹಾಗೇ ನಿಲ್ಲಿಸ್ತಾರೆ. ಗೋಡೆ ಬಿಚ್ಚಿ ಹಾಕಿದಾರೆ ಅಲ್ಲಿ. ಒಂದು ತಿಂಗಳು ತಡಕೋ. ನಾವು ಒಳಗೆ ಸೇರೋವರೆಗೂ. ಅಷ್ಟೂ ಆಗಲ್ವಾ ನಿನ್ನ ಕೈಲಿ?"

ಒಂದು ತಿಂಗಳಿಗೆ ಬ್ಯಾಂಕಿನ ಕ್ಯಾಷಿಯರ್ ಮನೆಗೂ ಕನ್ನಡಕದವರ ಮನೆಗೂ ಟೈಲ್ಸ್ ಬಿದ್ದಿರುತ್ತದೆ. ಈಗ ಹೇಳಿದರೆ ಅವರಿಗೆ ಗೋಡೆ ಒಡೆಸುವುದು ತಪ್ಪುತ್ತದೆ. ಇದನ್ನು ಹೇಳಿದೆ. ಅಕ್ಕ ಕಿವಿ ಮುಚ್ಚಿಕೊಂಡಳು, ನಿಜವಾಗಿಯೂ ಎರಡೂ ಕೈಯಿಂದ.

ಅಮ್ಮ ಒಲೆ ಮುಂದೆ ನಿಂತವಳು ತಿರುಗದೆ ಹೇಳಿದಳು. "ನನ್ನ ತಮ್ಮನ ಹೊಟ್ಟೆ ಮೇಲೆ ಹೊಡೀಬೇಡ. ನಿನ್ನನ್ನ ಯಾರೂ ಮೂಸಿ ನೋಡದಿದ್ದಾಗ ಕರೆದು ಕೂರಿಸಿದವನು. ನಿಂದೇನು ಹೊಸದಾ? ಎಲ್ಲಾ ಕಡೆ ಇದೇ. ಒಂದು ಕಾರಣ ಹುಡುಕಿಕೊಂಡು ಬಿಟ್ಟು ಬರ್ತೀಯ."

ಇವತ್ತು ಅತ್ತುಬಿಟ್ಟೆ. ಫೆಬ್ರವರಿಯ ಹಾಗೆ ತಾನಾಗಿ ಬಂದದ್ದಲ್ಲ.

ಸೆಪ್ಟೆಂಬರ್ 14

ಕ್ಯಾಷಿಯರ್ ಮನೆಗೂ ಕನ್ನಡಕದವರ ಮನೆಗೂ ಹೋಗಿ ಬಂದೆ. ಇಬ್ಬರ ಗೋಡೆಯೂ ಇನ್ನೂ ತೆರೆದೇ ಇತ್ತು. ಫೋಟೋ ಮಾತ್ರ ಆಗಲೇ ಬಂದಿತ್ತು. ಹಚ್ಚದ ಗೋಡೆಯ ಮುಂದೆ ನಿಂತು ಹಚ್ಚಿದ ಗೋಡೆಯ ಫೋಟೋ ನೋಡಿದರು. ಕ್ಯಾಷಿಯರ್ ನನ್ನ ಹೆಬ್ಬೆರಳನ್ನು ಕೈಯಲ್ಲಿ ಹಿಡಿದು, ಕಳ್ಳನೋಟು ನೋಡುವ ಹಾಗೆ ಬೆಳಕಿಗೆ ಒಡ್ಡಿ ನೋಡಿದರು.

ಸೆಪ್ಟೆಂಬರ್ 17

ಬೇಕರಿಯವರ ಹೆಂಡತಿ ಬಾಗಿಲನ್ನು ಅರ್ಧ ತೆರೆದರು. "ನಿಮ್ಮ ನಿಮ್ಮಲ್ಲೇ ಜಗಳ ಆಡಿಕೊಂಡು ನಮ್ಮ ಮನೆ ಗೋಡೆ ಒಡೀತೀರಾ? ನಿಮ್ಮ ಮಾವ ಫೋನ್ ಮಾಡಿದ್ರು. ಹುಡುಗಿಗೆ ತಲೆ ಸರಿಯಿಲ್ಲ, ಕೆಲಸದಿಂದ ತೆಗೆದೆ ಅಂದ್ರು."

"ತೆಗೆದಿಲ್ಲ, ನಾನೇ ಬಿಟ್ಟದ್ದು. ತಲೆ ವಿಷಯ ನನಗೆ ಗೊತ್ತಿಲ್ಲ. ಒಂದು ಟೈಲ್ಸ್ ತೆಗೆದು ನೋಡೋಣ, ಬಾಗಿಲ ಹಿಂದಿನದು. ತಿರುಗಿ ಅಂಟಿಸಿಕೊಡ್ತೀನಿ."

"ಅಂಟಿಸೋಕೆ ಬರುತ್ತಾ?"

ಬರುವುದಿಲ್ಲ ಅಂದೆ. ಬಾಗಿಲು ಮುಚ್ಚಿತು.

ಸೆಪ್ಟೆಂಬರ್ 18

ಅದೇ ಮನೆಗೆ ಮತ್ತೆ ಹೋದೆ. ಗೇಟಿನ ಹತ್ತಿರ ಟೈಲ್ಸ್ ಮೇಸ್ತ್ರಿ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಯಾರು ಹೇಳಿದರೋ.

"ಒಡೆಯೋದು ನಿಂಗೆ ಬರುತ್ತೆ" ಅಂದರು. "ಮಿಕ್ಕಿದ್ದು ನಾನು ನೋಡ್ಕೋತೀನಿ."

"ಕಂಟ್ರಾಕ್ಟರ್‌ಗೆ ಗೊತ್ತಾದ್ರೆ ನಿಮ್ಮ ಕೆಲಸ ಹೋಗುತ್ತೆ."

"ನಿನ್ನೆನೇ ಹೋಯ್ತು."

ಬೇಕರಿಯವರ ಹಿಂದೆಯೂ ಬರೀ ಗಾರೆ. ಆಕೆ ಆ ಚೌಕ ತೂತಿಗೆ ಕೈಯಿಟ್ಟು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ನಾವು ಫೋಟೋ ಫ್ರೇಮ್ ಹಾಕಿಸೋಣ ಅಂತಿದ್ವಿ" ಅಂದರು.

ಮೇಸ್ತ್ರಿ ಅಂಟಿಸುವುದನ್ನು ಕಲಿಸಿದರು. ಮೂರು ಸಲ ಸೊಟ್ಟ, ನಾಲ್ಕನೇ ಸಲ ಸರಿ.

ಸೆಪ್ಟೆಂಬರ್ 30

ಏಳು ಮನೆ ಆಯಿತು. ಎಂಟನೆಯವರು ಊರಲ್ಲಿಲ್ಲ, ಶುಕ್ರವಾರ ಬರುತ್ತಾರೆ. ನಾಲ್ಕು ಮನೆಯವರು ಒಟ್ಟಾಗಿ ಹೋಗಿ ಕಂಟ್ರಾಕ್ಟರ್ ಆಫೀಸಿನಲ್ಲಿ ಕೂತರಂತೆ. ಗೋಡೆಗಳನ್ನು ಬಿಚ್ಚಿ ಸರಿ ಮಾಡಿಕೊಡಲು ಕಂಟ್ರಾಕ್ಟರ್ ಒಪ್ಪಿದ್ದಾರೆ. ಕೈಪಿಡಿಯನ್ನು ಹಂಚುವುದು ನಿಲ್ಲಿಸಿಲ್ಲವಂತೆ.

ಅಕ್ಕ ಹೆದರಿದ ಹಾಗೆ ಅವಳ ಕೆಲಸ ನಿಲ್ಲಲಿಲ್ಲ. ಇದನ್ನು ಅವಳಿಗೆ ಹೇಳಬೇಕು ಅನ್ನಿಸಿತು. ಅವಳು ಫೋನ್ ಎತ್ತುವುದಿಲ್ಲ.

ಅಕ್ಟೋಬರ್ 9

ಅಕ್ಕ ನಿನ್ನೆ ಹೊಸ ಮನೆ ಸೇರಿದಳು. ನನ್ನನ್ನು ಕರೆಯಲಿಲ್ಲ. ಅಮ್ಮ ಹೋಗಿ ಬಂದಳು, ಅಂಚು ಹರಿದ ಹಳೇ ಪರದೆಯೊಂದನ್ನು ವಾಪಸ್ ತಂದಿದ್ದಳು. ಅಕ್ಕನಿಗೆ ಅದು ಸಾಲುವುದಿಲ್ಲವಂತೆ, ಕಿಟಕಿ ದೊಡ್ಡದು.

ಮಧ್ಯಾಹ್ನ ಭಾವ ವ್ಯಾನಿನಿಂದ ಫೋನ್ ಮಾಡಿದರು. "ಅರೆಬರೆ, ಊಟ ಆಯ್ತಾ?"

"ಆಯ್ತು. ಕಿಟಕಿ ಹೇಗಿದೆ ಭಾವ?"

"ಚೆನ್ನಾಗಿದೆ. ಕಾಲು ಚಾಚುವಷ್ಟಿದೆ." ಹಿಂದೆ ಹಾರ್ನಿನ ಸದ್ದು. "ನಿಮ್ಮಕ್ಕ ಅದರಲ್ಲಿ ಕೂತಿಲ್ಲ ಇನ್ನೂ. ಒಗೆದ ಬಟ್ಟೆ ಮಡಚಿ ಅದರ ಮೇಲಿಡ್ತಾಳೆ. ಜಾಗ ಖಾಲಿ ಬಿಡಲ್ಲ."

ಫೋನ್ ಇಡಲಿಲ್ಲ, ಇಬ್ಬರೂ ಹಾರ್ನ್ ಕೇಳುತ್ತಾ ಇದ್ದೆವು.

ಅಕ್ಟೋಬರ್ 13

ಗಣಿತದ ಟೀಚರ್ ಕರೆಸಿದರು. ಅವರ ಮನೆ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಫೋಟೋ ಅವರದೇ ಗೋಡೆಯದು, ಅರ್ಧ ನಾನೇ ಹಚ್ಚಿದ್ದು.

"ನಿಮ್ಮದು ಸರಿಯಾಗಿದೆ ಟೀಚರ್. ನಿಮ್ಮದೊಂದೇ ಸರಿಯಾಗಿರೋದು."

"ಒಂಬತ್ತು ಮನೆಯವರಿಗೆ ಇದೇ ಫೋಟೋ, ಇದೇ ಮಾತು. ಹತ್ತನೆಯದು ಮಾತ್ರ ನಿಜ ಅಂತ ನಾನು ಯಾವ ಲೆಕ್ಕದಲ್ಲಿ ಹಿಡೀಲಿ?"

"ನಾನೇ ಹಚ್ಚಿದೀನಿ. ನೀವು ನೋಡಿದ್ರಿ."

"ನೋಡಿದ್ದು ಸಂಜೆವರೆಗೆ. ಟೈಲ್ಸ್ ಹಾಕಿದ್ದು ಮಾರನೇ ದಿನ."

ತೆಗೆದರೆ ಹಿಂದಿನ ಲೇಪವೂ ಟೈಲ್ಸ್ ಜತೆ ಕಿತ್ತು ಬರುತ್ತದೆ ಅಂದೆ. ಸರಿಯಿರುವ ಗೋಡೆ ಅದು, ಸುಮ್ಮನೆ ಹಾಳಾಗುತ್ತದೆ ಅಂದೆ. ಅವರು ಬಚ್ಚಲ ದೀಪ ಹಾಕಿದರು.

ಐದು ಅಡಿಯ ಹತ್ತಿರ ಉಳಿ ಇಟ್ಟೆ. ಟೈಲ್ಸ್ ಬಿಟ್ಟುಕೊಂಡಿತು. ಹಿಂದೆ ಬೂದು ಬಣ್ಣ. ಅರ್ಧ ಕಿತ್ತುಬಂದಿತ್ತು, ಉಳಿದರ್ಧದಲ್ಲಿ ನನ್ನ ಪೆನ್ಸಿಲ್ ಗೀಟು, 22 ಅನ್ನುವ ಅಂಕಿ. ನನ್ನ ಎರಡು ಹೀಗೇ, ಬಾಲ ಉದ್ದ.

ಟೀಚರ್ ಕನ್ನಡಕ ಹಾಕಿಕೊಂಡು ಹತ್ತಿರ ಬಂದು ನೋಡಿದರು. ಬೆರಳಿಟ್ಟು ಮುಟ್ಟಿದರು. "ಸರಿ ಇದೆ" ಅಂದರು. ಕ್ಷಮಿಸು ಅನ್ನಲಿಲ್ಲ. ಅನ್ನಬೇಕಾಗಿರಲಿಲ್ಲ. ಅನ್ನಬೇಕಾದವರು ಬೇರೆ.

ಅಡ್ಡಡ್ಡ ಒಂದು ಸಲ ಹಚ್ಚಿ ಬಂದಿದ್ದೇನೆ.

ಅಕ್ಟೋಬರ್ 14

ಬೆಳಿಗ್ಗೆ ಟೀಚರ್ ಮನೆಗೆ ಹೋದೆ. ನಿನ್ನೆಯದು ಒಣಗಿತ್ತು. ಇವತ್ತು ಉದ್ದುದ್ದ. ಡಬ್ಬಿ ತೆರೆದು ಕಲಕಿ, ಅಭ್ಯಾಸದ ಮೇಲೆ ಟೇಪು, ಫೋನ್ ತೆಗೆದು ಪಕ್ಕಕ್ಕಿಟ್ಟೆ. "ಮುಗಿದ ಮೇಲೆ ಫೋಟೋ ತೆಗೆದುಕೊಡ್ತೀನಿ ಟೀಚರ್."

"ಫೋಟೋ ಬೇಡ."

ಒಳಗಿನಿಂದ ಒಂದು ಸ್ಟೂಲು ತಂದು ಬಚ್ಚಲ ಬಾಗಿಲಿಗೆ ಅಡ್ಡ ಹಾಕಿಕೊಂಡು ಕೂತರು. ಕೈಗಳು ಮಡಿಲಲ್ಲಿ, ಬೆನ್ನು ನೆಟ್ಟಗೆ, ಪರೀಕ್ಷೆಯ ಕೋಣೆ ಕಾಯುವವರ ಹಾಗೆ.

"ಒಣಗೋಕೆ ನಾಲ್ಕು ಗಂಟೆ ಹಿಡಿಯುತ್ತೆ. ಆಮೇಲೆ ಟೈಲ್ಸ್. ಸಂಜೆ ಆಗುತ್ತೆ ಟೀಚರ್."

"ಆಗಲಿ. ನಾನು ಇಲ್ಲೇ ಇರ್ತೀನಿ."

ಕೈಪಿಡಿಯಲ್ಲಿ ಆ ಕೊನೆಯ ಸಾಲಿನ ಜಾಗದಲ್ಲಿ ಇದನ್ನು ಬರೆಯಬೇಕಾಗಿತ್ತು. ಮುಚ್ಚುವ ದಿನ ಕೆಲಸಕ್ಕೆ ರಜೆ ಹಾಕಿ ಬನ್ನಿ, ಒಂದು ಸ್ಟೂಲು ತನ್ನಿ, ಕಟ್ಟುವವರು ನಿಮ್ಮ ಮಾವನಾದರೂ ಎದುರಿಗೆ ಕೂತು ನೋಡಿ.

ಅವರು ಕಣ್ಣು ತೆಗೆಯದೆ ನೋಡುತ್ತಿದ್ದರು. ನಾನು ಬ್ರಷ್ ಅದ್ದಿದೆ. ಸಂಜೆ ಐದೂವರೆಗೆ ಮುಗಿಯಿತು.